ನಲವತ್ತನೇ ಸೆಕೆಂಡಿನ ಪಾರಿವಾಳ

ಹದಿನೇಳನೇ ಸಾಲಿನ ಸಂಡಿಗೆ ಇಡುತ್ತಿದ್ದಾಗ ಪಕ್ಕದ ಮನೆಯ ಗಂಗರತ್ನಮ್ಮ ತಾರಸಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಂದು ಲೋಟ ಕಾಫಿ ಇತ್ತು. ಹನ್ನೊಂದು ವರ್ಷಗಳಲ್ಲಿ ಅವರು ನಮ್ಮ ಮನೆಗೆ ಕಾಫಿಪುಡಿ ಕೇಳಲು ಬಂದಿದ್ದರೇ ಹೊರತು ಕಾಫಿ ತಂದಿದ್ದಿಲ್ಲ. ನನಗೆ ಆಗಲೇ ಭಯವಾಗಬೇಕಿತ್ತು. ಆದರೆ ಗಂಜಿ ತಣ್ಣಗಾಗುವುದರೊಳಗೆ ಇಟ್ಟು ಮುಗಿಸಬೇಕಿತ್ತು. ಭಯಪಡಲು ಪುರುಸೊತ್ತಿರಲಿಲ್ಲ.

"ಕುಡಿ ತಾಯಿ. ಸಕ್ಕರೆ ಜಾಸ್ತೀನೇ ಹಾಕಿದ್ದೀನಿ," ಎಂದರು.

"ಕೈಯೆಲ್ಲ ಹಿಟ್ಟು ಗಂಗರತ್ನಮ್ಮ, ಅಲ್ಲೇ ಇಡಿ."

"ಅಯ್ಯೋ, ಇಂಥಾ ಹೊತ್ತಲ್ಲೂ ಸಂಡಿಗೆ ಇಡ್ತಾ ಕೂತಿದ್ದೀಯಲ್ಲಮ್ಮಾ! ಏನು ಗಟ್ಟಿ ಜೀವ ನಿಂದು. ನಾನಾಗಿದ್ರೆ ಆ ಗಂಜೀನ ಅವ್ರ ತಲೆ ಮೇಲೆ ಸುರೀತಿದ್ದೆ."

"ಯಾರ ತಲೆ ಮೇಲೆ?"

ಗಂಗರತ್ನಮ್ಮ ಪ್ಲಾಸ್ಟಿಕ್ ಹಾಳೆಯ ತುಂಬ ಹರಡಿದ್ದ ಸಂಡಿಗೆಯನ್ನು ಕಣ್ಣಲ್ಲೇ ಎಣಿಸಿದರು. "ಇಷ್ಟೊಂದು ಇಟ್ಟಿದ್ದೀಯ. ಅವಳೂ ಇದೇ ಮನೇಲಿ ಇರ್ತಾಳಾ, ಇಲ್ಲಾ ಬೇರೆ ಮನೆ ಮಾಡ್ತಾರಾ?"

"ಯಾರು?"

"ಅದೇ, ಆ ಇಂಗ್ಲಿಷ್ ಮೇಡಮ್ಮು. ನಮ್ಮ ಸೊಸೆ ಕಂಪ್ಯೂಟರಲ್ಲಿ ಮದುವೆ ತೋರಿಸಿದ್ಲು. ನಿಮ್ಮ ಯಜಮಾನ್ರು ಪಂಚೆ ಶಲ್ಯದಲ್ಲಿ ಲಕ್ಷಣವಾಗೇ ಕಾಣಿಸ್ತಾರೆ ಬಿಡು, ಇಲ್ಲ ಅನ್ನಬಾರದು. ಕೊನೇಲಿ ಉಂಗುರಾನೂ ತೋರಿಸವ್ರೆ. ಗಿರಗಿರ ಅಂತ ತಿರುಗ್ತಾನೇ ಇತ್ತು."

ಗಾಳಿ ಬೀಸಿ ಪ್ಲಾಸ್ಟಿಕ್ ಹಾಳೆ ಒಂದು ಮೂಲೆಯಲ್ಲಿ ಮೇಲೆದ್ದಿತು. ನಾನು ಹಿಟ್ಟಿನ ಕೈಯಲ್ಲೇ ಅಲ್ಲಿದ್ದ ಕಟ್ಟನ್ನು ಸರಿಯಾಗಿ ಎಳೆದಿಟ್ಟೆ. ಹಾಳೆ ಹಾರದಂತೆ ನಾಲ್ಕು ಮೂಲೆಗೂ ಕಾಲೇಜಿನ ಪ್ರವೇಶ ಅರ್ಜಿಗಳ ನಾಲ್ಕು ಕಟ್ಟುಗಳನ್ನು ಹೇರಿದ್ದೆ. ಇನ್ನೂರು ಅರ್ಜಿ ಅಚ್ಚು ಹಾಕಿಸಿದ್ದರು. ಹಿಂದಿನ ವರ್ಷ ಒಂಬತ್ತು ಖರ್ಚಾಗಿದ್ದವು. ಉಳಿದವು ಸಂಡಿಗೆಗೆ ಬಂದಿದ್ದವು.

ಗಂಗರತ್ನಮ್ಮ ನೋಡಿದ್ದು ಮದುವೆಯಲ್ಲ, ಕಾಲೇಜಿನ ಜಾಹೀರಾತು ಎಂದು ನಾನು ಹೇಳಿದೆ. ಅವರು ನನ್ನ ತಲೆ ಸವರಿದರು. "ಗಂಡನ ಮಾನ ಕಾಪಾಡೋದು ಅಂದ್ರೆ ಇದು," ಎಂದು ಕಣ್ಣೊರೆಸಿಕೊಂಡು ಕೆಳಗಿಳಿದು ಹೋದರು. ಲೋಟ ವಾಪಸು ಕೇಳಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಇದಕ್ಕೆಲ್ಲ ಮೂಲ ನಮ್ಮ ಯಜಮಾನರು ಆಡಿದ ಒಂದು ಮಾತು. ಯಜಮಾನರು ಅಂದರೆ ಸುಬ್ರಹ್ಮಣ್ಯ. ಮುಳಬಾಗಿಲಿನ ಆಂಜಿನಮ್ಮ ಸ್ಮಾರಕ ಪ್ರಥಮ ದರ್ಜೆ ಕಾಲೇಜಿನಲ್ಲಿ ಹದಿನಾಲ್ಕು ವರ್ಷಗಳಿಂದ ಇತಿಹಾಸದ ಉಪನ್ಯಾಸಕರು. ಯಾವ ರಾಜ ಯಾವ ಕೆರೆಗೆ ತೂಬು ಇಡಿಸಿದ ಎನ್ನುವುದು ಅವರಿಗೆ ಗೊತ್ತು. ಮನೆಯ ನಲ್ಲಿಯನ್ನು ಯಾವ ಕಡೆಗೆ ತಿರುಗಿಸಿದರೆ ನೀರು ನಿಲ್ಲುತ್ತದೆ ಎನ್ನುವುದು ಗೊತ್ತಿಲ್ಲ. ಒಳ್ಳೆಯ ಮನುಷ್ಯ. ಆದರೆ ಯಾರಾದರೂ "ಇದು ಯಾರಿಗೆ ಗೊತ್ತು?" ಎಂದು ಕೇಳಿದರೆ ಸಾಕು, ಅವರ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಗೊತ್ತಿದೆಯೋ ಇಲ್ಲವೋ ಎನ್ನುವುದು ಆಮೇಲಿನ ವಿಚಾರ.

ಕಾಲೇಜನ್ನು ತಾಯಿಯ ಹೆಸರಿನಲ್ಲಿ ಕಟ್ಟಿಸಿದವರು ಶ್ರೀನಿವಾಸಪ್ಪ. ಯಲ್ದೂರಿನವರು, ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇದೆ. ಅವರೇ ಕಾರ್ಯದರ್ಶಿ. ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರ ಬೇಸಿಗೆಯಲ್ಲಿ, ಅವರು ಉಪನ್ಯಾಸಕರನ್ನೆಲ್ಲ ಕೂರಿಸಿಕೊಂಡು ಹೇಳಿದರಂತೆ:

"ಬಿ.ಎ.ಗೆ ಹೋದ ವರ್ಷ ಒಂಬತ್ತು ಜನ. ಒಂಬತ್ತು ಜನಕ್ಕೆ ಒಂದು ರೂಮು, ಒಂದು ಫ್ಯಾನು, ಇಬ್ಬರು ಮೇಷ್ಟ್ರು! ಈ ಸಲ ಹದಿನೈದು ಆಗ್ಲಿಲ್ಲಾಂದ್ರೆ ಬಿ.ಎ. ಮುಚ್ಚಿ ಆ ರೂಮಲ್ಲಿ ಮಾವಿನ ಕ್ರೇಟು ಇಡ್ತೀನಿ. ವಯಸ್ಸು ಗಿಯಸ್ಸು ನೋಡ್ಬೇಡ್ರಯ್ಯಾ. ಪಿಯುಸಿ ಪಾಸಾಗಿರೋ ಜೀವ ಯಾವ್ದಾದ್ರೂ ಸರಿ, ಹಿಡ್ಕೊಂಡು ಬನ್ನಿ. ಕೋಲಾರದ ಕಾಲೇಜ್ನೋರು ಏನೋ ಇಂಟರ್‌ನೆಟ್ಟಲ್ಲಿ ವಿಡಿಯೋ ಬಿಟ್ಟವ್ರಂತಲ್ಲ, ಅದು ನಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"

ಕೈ ಮೇಲಕ್ಕೆ ಹೋಯಿತು.

"ಇಂಟರ್‌ನೆಟ್ ತಾನೇ ಸಾರ್? ಅದನ್ನ ನಾನು ನೋಡ್ಕೋತೀನಿ."

ಆ ಹೊತ್ತಿಗೆ ಇಂಟರ್‌ನೆಟ್ಟಿನೊಂದಿಗೆ ಯಜಮಾನರಿಗಿದ್ದ ಸಂಬಂಧ ಎರಡೇ. ಒಂದು, ಮಗಳು ಸೌಪರ್ಣಿಕಾ ಮಾಡಿಕೊಟ್ಟಿದ್ದ ಇ-ಮೇಲ್, ಅದರ ಪಾಸ್‌ವರ್ಡನ್ನು ಅವರು ಪಂಚಾಂಗದಲ್ಲಿ ಬರೆದಿಟ್ಟು ಆ ಪಂಚಾಂಗವನ್ನು ಹಳೇ ಪೇಪರಿನವನಿಗೆ ಹಾಕಿದ್ದರು. ಇನ್ನೊಂದು, ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಒಮ್ಮೆ ಹೋಗಿ, ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಕೈಕಟ್ಟಿ ನಿಂತು ಬಂದದ್ದು.

ಬಿ.ಎ. ಮುಚ್ಚಿದರೆ ನಮ್ಮ ಮನೆಯ ಸಂಬಳವೂ ಮುಚ್ಚುತ್ತದೆ. ಇದನ್ನು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ವಿಡಿಯೋ ತೆಗೆಯಲು ಅವರು ಹಿಡಿದು ತಂದದ್ದು ಸ್ಟುಡಿಯೋ ಅರುಣ್‌ಕುಮಾರನನ್ನು. ಆರುನೂರು ಮದುವೆ ತೆಗೆದವನು. ಒಂದೇ ಒಂದು ಕಾಲೇಜು ತೆಗೆದವನಲ್ಲ. ಅವನ ಪ್ರಕಾರ ಈ ಪ್ರಪಂಚದಲ್ಲಿ ಯಾವುದೇ ಘಟನೆಗೆ ಮೂರು ಭಾಗ: ಎದುರುಗೊಳ್ಳುವುದು, ಮುಹೂರ್ತ, ಊಟ.

"ಸಾರ್, ನೀವು ಪಂಚೆ ಶಲ್ಯ ಹಾಕ್ಕೊಂಡು ಬನ್ನಿ. ಇತಿಹಾಸ ಅಂದ್ರೆ ಹಳೇದು ಕಾಣಿಸ್ಬೇಕು," ಎಂದಿದ್ದ. ನಾನೇ ಪಂಚೆಗೆ ಇಸ್ತ್ರಿ ಹಾಕಿಕೊಟ್ಟೆ. ಇಂಗ್ಲಿಷ್ ಉಪನ್ಯಾಸಕಿ ಆಶಾರಾಣಿ, ಮಾಲೂರಿನ ಹತ್ತಿರದ ಶಿವಾರಪಟ್ಟಣದ ಹುಡುಗಿ, ಕ್ಯಾಮೆರಾ ಬರುತ್ತದೆಂದು ರೇಷ್ಮೆ ಸೀರೆ ಉಟ್ಟು ಬಂದಳು. ಕಾಲೇಜಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದ್ದು ಶ್ರೀನಿವಾಸಪ್ಪ. ಮಂಡಿಯವರಿಗೆ ಎಲೆಗೆ ಬರವೇ? ಅರುಣ್‌ಕುಮಾರ್ ಉಪನ್ಯಾಸಕರಿಬ್ಬರನ್ನೂ ದೀಪದ ಮುಂದೆ ನಿಲ್ಲಿಸಿ ಒಂದೇ ಬತ್ತಿ ಹಿಡಿಸಿದ. "ನಗಿ ಸಾರ್. ಮೇಡಂ ಸ್ವಲ್ಪ ತಲೆ ತಗ್ಗಿಸಿ. ಹಾಂ, ಇನ್ನೊಂಚೂರು ಹತ್ರ. ಶ್ರೀನಿವಾಸಪ್ಪಾವ್ರೇ, ನೀವು ಅಕ್ಷತೆ ಹಾಕಿ." ಅವರು ಹಾಕಿದರು. ಕ್ಯಾಮೆರಾ ಹಿಡಿದವನು ಹೇಳಿದರೆ ಈ ಸೀಮೆಯಲ್ಲಿ ಯಾರೂ ಯಾಕೆ ಎಂದು ಕೇಳುವುದಿಲ್ಲ.

ಇದೆಲ್ಲ ನಾನು ಕಣ್ಣಾರೆ ಕಂಡದ್ದು. ಯಜಮಾನರು ಬುತ್ತಿ ಮರೆತು ಹೋಗಿದ್ದರು. ಕೊಡಲು ಹೋದವಳು, ಅಕ್ಷತೆ ಮುಗಿದು ಪಾಠ ಮುಗಿಯುವ ತನಕ ಕಾರಿಡಾರಿನಲ್ಲಿ ಕಾದಿದ್ದೆ.

ಮೂರನೇ ದಿನ ಅರುಣ್‌ಕುಮಾರ್ ವಿಡಿಯೋ ಜೋಡಿಸಿ ತಂದ. ಅವನ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಮದುವೆಯ ಅಚ್ಚುಗಳೇ. ದೊಡ್ಡದೊಂದು ಕೆಂಪು ಹೃದಯ, ಅದರೊಳಗೆ ಯಜಮಾನರು ಮತ್ತು ಆಶಾರಾಣಿ, ಮೇಲಿಂದ ಗುಲಾಬಿ ಎಸಳಿನ ಮಳೆ, ಹಿಂದೆ ನಾದಸ್ವರ. ಕೆಳಗೆ ಒಂದು ಕಡೆ ‘ಸುಬ್ರಹ್ಮಣ್ಯ, ಎಂ.ಎ.’ ಇನ್ನೊಂದು ಕಡೆ ‘ಆಶಾರಾಣಿ, ಎಂ.ಎ.’

"ಮಧ್ಯದಲ್ಲಿ ‘ವೆಡ್ಸ್’ ಅಂತ ಇತ್ತು ಸಾರ್. ಅದನ್ನ ತೆಗ್ದು ಆ ಜಾಗದಲ್ಲಿ ಒಂದು ಪಾರಿವಾಳ ಕೂರ್ಸಿದ್ದೀನಿ," ಎಂದು ಜವಾಬ್ದಾರಿಯಿಂದ ಹೇಳಿದನಂತೆ. ಯಜಮಾನರಿಗೆ ಪಾರಿವಾಳ ಹಿಡಿಸಿತು. ಹಿಂದಿನ ಕಾಲದಲ್ಲಿ ಪಾರಿವಾಳಗಳು ಸಂದೇಶ ಒಯ್ಯುತ್ತಿದ್ದವು ಎಂದು ಅವನಿಗೆ ಅರ್ಧ ಗಂಟೆ ವಿವರಿಸಿ ಬಂದರು.

ಅದನ್ನು ಯೂಟ್ಯೂಬಿಗೆ ಏರಿಸಲು ಎರಡು ದಿನ ಹಿಡಿಯಿತು. ಮುಕ್ಕಾಲು ಏರುವಷ್ಟರಲ್ಲಿ ಕರೆಂಟ್ ಹೋಗುವುದು, ಮತ್ತೆ ಮೊದಲಿನಿಂದ. ಯಜಮಾನರು ಬರಿಗಾಲಲ್ಲಿ ಕೂತು ಕಾದರು. ಮಗಳು ಅದರ ವಿಳಾಸವನ್ನು ಆರ್ಕುಟ್‌ನಲ್ಲಿ ಗೊತ್ತಿದ್ದವರಿಗೆಲ್ಲ ಕಳಿಸಿದಳು. ಆದರೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿಯಿತ್ತು. ಒಟ್ಟು ಒಂಬತ್ತು ನಿಮಿಷದ ವಿಡಿಯೋ. ನಮ್ಮ ಕಡೆಯ ಇಂಟರ್‌ನೆಟ್ ಅದನ್ನು ನಲವತ್ತು ಸೆಕೆಂಡು ಎಳೆದು ಅಲ್ಲೇ ಕೂತುಬಿಡುತ್ತಿತ್ತು. ನಲವತ್ತನೇ ಸೆಕೆಂಡಿನಲ್ಲಿ ಇದ್ದದ್ದು ಹೃದಯ, ಪಾರಿವಾಳ, ಮತ್ತು ಅದರ ಮೇಲೆ ಗಿರಗಿರ ತಿರುಗುವ ಆ ಚಕ್ರ. ಕಾಲೇಜಿನ ಹೆಸರು ಬರುತ್ತಿದ್ದದ್ದು ಐವತ್ತೆರಡನೇ ಸೆಕೆಂಡಿನಲ್ಲಿ. ಮುಳಬಾಗಿಲಿನಿಂದ ಕೋಲಾರದವರೆಗೆ ಯಾರೂ ಅಲ್ಲಿಯ ತನಕ ಹೋಗಿರಲಿಲ್ಲ.

ಗಂಗರತ್ನಮ್ಮನ ಕಾಫಿಯ ನಂತರ ಸಂಜೆಯೊಳಗೆ ಎದುರು ಮನೆಯಿಂದ ಹುಳಿಯನ್ನ, ಮೂಲೆಮನೆಯಿಂದ ಒಂದು ಡಬ್ಬಿ ನಿಪ್ಪಟ್ಟು ಬಂದವು. ತಂದವರೆಲ್ಲ ಪಿಸುಮಾತಿನಲ್ಲಿ ಮಾತಾಡಿದರು. ನಾನು ಎಲ್ಲರಿಗೂ ನಿಜ ಹೇಳಿದೆ. ಎಲ್ಲರೂ ನನ್ನ ಕೈ ಹಿಡಿದುಕೊಂಡರು. ನಂಬಿದವರು ಒಬ್ಬರೂ ಇಲ್ಲ.

ಮರುದಿನ ಲೋಟ ತೆಗೆದುಕೊಂಡು ಹೋಗುವ ನೆಪದಲ್ಲಿ ಗಂಗರತ್ನಮ್ಮ ಮತ್ತೆ ಬಂದರು. "ನೀನು ನಿನ್ನ ಕಾಲ ಮೇಲೆ ನಿಂತ್ಕೋಬೇಕು ಕಣಮ್ಮಾ. ನೀನೂ ಏನೋ ಓದಿದ್ದೀಯಲ್ಲ, ಎಲ್ಲೀ ತನಕ?"

"ಪಿಯುಸಿ."

ಈ ಮಾತನ್ನು ಯಾರಿಗಾದರೂ ಹೇಳಿ ಇಪ್ಪತ್ತು ವರ್ಷವಾಗಿತ್ತು. ಕೇಳಿದವರೇ ಇರಲಿಲ್ಲ. "ಫಸ್ಟ್ ಕ್ಲಾಸು," ಎಂದು ಸೇರಿಸಿದೆ. ಸೇರಿಸುವ ಅಗತ್ಯವೇನೂ ಇರಲಿಲ್ಲ.

ಆಗ ಹೊರಗೆ ಆಟೋ ನಿಂತಿತು. ಇಳಿದವರು ಯಜಮಾನರ ಅಕ್ಕ, ಕೋಲಾರದ ಶ್ರೀವಾಣಿ ಅತ್ತಿಗೆ. ಎರಡು ದೊಡ್ಡ ಚೀಲ ತಂದಿದ್ದರು. ಎಷ್ಟು ದಿನವಾದರೂ ಸರಿ, ಇದ್ದು ತೀರ್ಮಾನ ಮಾಡಿಯೇ ಹೋಗುವುದು ಎಂದು ಆ ಚೀಲಗಳೇ ಹೇಳುತ್ತಿದ್ದವು. ಯಜಮಾನರು ಕಾಲೇಜಿನಿಂದ ಬರುವ ಹೊತ್ತಿಗೆ ಸರಿಯಾಗಿ ಅವರು ನಡುಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಗಂಗರತ್ನಮ್ಮ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

"ಸುಬ್ಬು, ನಿಜ ಹೇಳು. ನಾನು ಕಂಪ್ಯೂಟರಲ್ಲಿ ನೋಡಿದ್ದು ನಿಜಾನಾ?"

ಯಜಮಾನರ ಮುಖ ಅರಳಿತು. "ನೀನೂ ನೋಡಿದ್ಯಾ ಅಕ್ಕ? ಕೋಲಾರದ ತನಕ ಹೋಗಿದೆಯಾ! ಹೇಗಿದೆ?"

"ಹೇಗಿದೆ ಅಂತ ಕೇಳ್ತೀಯಲ್ಲೋ, ನಾಚಿಕೆ ಆಗಲ್ವಾ?"

"ಮೊದಲು ಆಯ್ತು. ಆಮೇಲೆ ಅರುಣ್‌ಕುಮಾರ್ ಧೈರ್ಯ ಹೇಳಿದ."

"ಮಾಧವಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಪಂಚೆಗೆ ಇಸ್ತ್ರಿ ಹಾಕಿಕೊಟ್ಟಿದ್ದೇ ಅವಳು."

ಅತ್ತಿಗೆ ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಇಪ್ಪತ್ತೊಂದು ವರ್ಷಗಳಲ್ಲಿ ಮೊದಲ ಸಲ ಅದರಲ್ಲಿ ಗೌರವವಿತ್ತು.

"ಅತ್ತಿಗೆ, ಅದು ಕಾಲೇಜಿನ..." ಎಂದು ಬಾಯಿ ತೆರೆದೆ.

"ನೀನು ಸುಮ್ನಿರು ಮಾಧವಿ. ನೀನು ಅವನನ್ನ ಬಿಟ್ಟುಕೊಡಲ್ಲ, ನಂಗೊತ್ತು. ಅಲ್ವೋ, ಈ ವಯಸ್ಸಲ್ಲಿ ಇದೆಲ್ಲ ಯಾಕೋ ನಿಂಗೆ?"

"ಏನು ಮಾಡ್ಲಿ ಅಕ್ಕ? ಸೆಕ್ರೆಟರಿ ಒತ್ತಾಯ. ತಿಂಗಳ ಕೊನೆಯೊಳಗೆ ಹದಿನೈದು ಆಗ್ಲೇಬೇಕಂತೆ."

"ಹದಿನೈದಾ!"

"ಸದ್ಯಕ್ಕೆ ಒಬ್ಬಳು ಬಂದಿದ್ದಾಳೆ. ಯಲ್ದೂರು ಕಡೆ ಇಬ್ಬರು ಹುಡುಗೀರು ಒಪ್ಪೋ ಹಾಗಿದ್ದಾರೆ, ಅವರಪ್ಪ ಬಿಡ್ತಿಲ್ಲ. ನಾಳೆ ನಾನೇ ಮನೆಗೆ ಹೋಗಿ ಕೇಳ್ತೀನಿ."

ಗಂಗರತ್ನಮ್ಮನ ಕೈಯಿಂದ ಲೋಟ ಬಿತ್ತು. ಅತ್ತಿಗೆ ನೀರು ಕೇಳಿದರು. ನಾನು ಅಡುಗೆಮನೆಗೆ ಹೋಗಿ ನೀರು ತರುವ ಮೊದಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಎರಡು ನಿಮಿಷ ನಿಂತುಕೊಂಡೆ. ಅಳುತ್ತಿದ್ದಾಳೆ ಎಂದು ಅವರಂದುಕೊಂಡರು.

ನೀರು ಕುಡಿದ ಮೇಲೆ ನಾನು ಕಡೆಗೂ ಎಲ್ಲವನ್ನೂ ಬಿಡಿಸಿ ಹೇಳಿದೆ. ಅತ್ತಿಗೆ ಅರ್ಧ ನಂಬಿದರು. ಯಜಮಾನರಿಗೆ ಅರ್ಥವಾಗಲು ಇನ್ನೂ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ಕಾಲೇಜಿನ ಹೆಸರು ಯಾರೂ ನೋಡೇ ಇಲ್ವಾ?" ಎಂಬುದು. ಅವರ ಮುಖ ಎಷ್ಟು ಸಣ್ಣಗಾಯಿತೆಂದರೆ, ಇನ್ನೊಂದು ಮದುವೆಯನ್ನೇ ಮಾಡಿಕೊಂಡಿದ್ದರೂ ಅಷ್ಟು ಸಣ್ಣಗಾಗುತ್ತಿರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಶನಿವಾರ ಬೆಳಿಗ್ಗೆ ಶ್ರೀನಿವಾಸಪ್ಪ ಒಂದು ಕಾಗದ ಬೀಸುತ್ತ ಮನೆಗೇ ಬಂದರು.

"ಏಮಯ್ಯಾ ಸುಬ್ರಹ್ಮಣ್ಯಂ! ಇದು ನೋಡಯ್ಯಾ. ಇಲಾಖೆಯಿಂದ ಬಂದಿದೆ. ಕಾಲೇಜು ಕಟ್ಟಡವನ್ನ ಅನುಮತಿ ಇಲ್ದೆ ಮದುವೆಗೆ ಬಾಡಿಗೆಗೆ ಕೊಟ್ಟಿರೋದಕ್ಕೆ ಏಳು ದಿನದೊಳಗೆ ವಿವರಣೆ ಕೊಡ್ಬೇಕಂತೆ! ಜೊತೆಗೆ ಹುಡುಗಿ ಕಡೆಯೋರು ಎಷ್ಟು ಜನ ಬಂದಿದ್ರು ಅಂತಾನೂ ಕೇಳವ್ರೆ."

ಯಜಮಾನರು ತಡವರಿಸಿದರು. "ಸಾರ್, ಅಕ್ಷತೆ ಹಾಕಿದ್ದು ನೀವೇ ಅಲ್ವಾ..."

"ಅದಕ್ಕೇ ಅಲ್ವಯ್ಯಾ ನನ್ನನ್ನೂ ಕೇಳ್ತಿರೋದು! ನಂಗನ್ನಿಸ್ತದೆ, ಅನುಮತಿ ಕೊಟ್ರೆ ಆ ರೂಮಲ್ಲಿ ಮದುವೇನೇ ಮಾಡಿಸೋದು ವಾಸಿ. ಬಿ.ಎ.ಗೆ ಒಂಬತ್ತು ಜನ ಬರ್ತಾರೆ. ಮದುವೆಗೆ ಒಂಬೈನೂರು."

ಇಷ್ಟರಲ್ಲಿ ಬಾಗಿಲಲ್ಲಿ ಇನ್ನಿಬ್ಬರು ನಿಂತಿದ್ದರು. ಒಬ್ಬಳು ಆಶಾರಾಣಿ, ಕಣ್ಣು ಕೆಂಪಾಗಿತ್ತು. ಇನ್ನೊಬ್ಬರು ಅವಳ ತಂದೆ ಪೆದ್ದಪ್ಪ, ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವವರು. ಕೈಯಲ್ಲಿ ಉಳಿಯೂ ಇರಲಿಲ್ಲ, ಸುತ್ತಿಗೆಯೂ ಇರಲಿಲ್ಲ. ಆದರೂ ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದರು.

ಪೆದ್ದಪ್ಪ ಅವರನ್ನು ತಲೆಯಿಂದ ಪಾದದವರೆಗೆ ನೋಡಿದರು, ಕಲ್ಲು ಕೊಳ್ಳುವ ಮೊದಲು ನೋಡುವ ಹಾಗೆ. ಆಮೇಲೆ ಮಗಳ ಕಡೆ ತಿರುಗಿ, "ಇವ್ರೇನಾ? ವಿಡಿಯೋದಲ್ಲಿ ಇನ್ನೂ ಸ್ವಲ್ಪ ಎತ್ತರ ಇದ್ರು," ಎಂದರು.

"ಅಪ್ಪಾ!" ಎಂದಳು ಆಶಾರಾಣಿ. "ಸಾರ್, ವಕ್ಕಲೇರಿಯಿಂದ ನನ್ನ ನೋಡೋಕೆ ಬಂದಿದ್ರಲ್ಲ, ಅವರ ಮನೇಲಿ ಎಲ್ಲರೂ ನೋಡಿದ್ದಾರೆ. ಹುಡುಗಿಗೆ ಆಗ್ಲೇ ಮದುವೆ ಆಗಿರೋದನ್ನ ಮುಚ್ಚಿಟ್ಟಿದ್ದೀರಾ ಅಂತ ಫೋನ್ ಮಾಡಿದ್ರು. ನಾನೇನು ಹೇಳ್ಲಿ? ಆ ದರಿದ್ರ ಪಾರಿವಾಳ ಕಣ್ಣು ಮುಚ್ಚಿದ್ರೆ ಬರ್ತದೆ."

ಆ ಮಾತಿಗೆ ಯಾರೂ ನಗಲಿಲ್ಲ. ಈ ವಿಡಿಯೋದಿಂದ ನಿಜವಾಗಿ ಪೆಟ್ಟು ತಿಂದವಳು ಅವಳೊಬ್ಬಳೇ. ನಾನು ಅವಳನ್ನು ಒಳಗೆ ಕರೆದುಕೊಂಡು ಹೋಗಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಗಂಗರತ್ನಮ್ಮ ಎದೆ ಮೇಲೆ ಕೈಯಿಟ್ಟುಕೊಂಡರು. ‘ಇಬ್ಬರೂ ಒಂದೇ ಚಾಪೆ ಮೇಲೆ’ ಎಂಬ ಸುದ್ದಿ ಅರ್ಧ ಗಂಟೆಯಲ್ಲಿ ಊರಿನ ಆ ತುದಿಯ ಸೋಮೇಶ್ವರಪಾಳ್ಯ ಮುಟ್ಟಿತು.

"ಪೂರ್ತಿ ವಿಡಿಯೋ ನೋಡಿದ್ರೆ ಎಲ್ಲರಿಗೂ ಗೊತ್ತಾಗುತ್ತೆ," ಎಂದರು ಯಜಮಾನರು. "ಬನ್ನಿ, ಸೈಬರ್ ಸೆಂಟರ್‌ಗೆ ಹೋಗೋಣ. ನಾನು ತೋರಿಸ್ತೀನಿ."

ಹೊರಟೆವು. ಮುಂದೆ ಯಜಮಾನರು, ಹಿಂದೆ ಶ್ರೀನಿವಾಸಪ್ಪ, ಪೆದ್ದಪ್ಪ, ಅತ್ತಿಗೆ, ಆಶಾರಾಣಿ, ನಾನು. ಕರೆಯದಿದ್ದರೂ ಗಂಗರತ್ನಮ್ಮ. ಬೀದಿಯಲ್ಲಿ ನೋಡಿದವರು ಬೀಗರನ್ನು ಕರೆದುಕೊಂಡು ಹೊರಟಿದ್ದಾರೆ ಎಂದುಕೊಂಡಿರಬೇಕು. ಸೈಬರ್ ಸೆಂಟರಿನ ಬಾಗಿಲಲ್ಲಿ ಯಜಮಾನರು ಚಪ್ಪಲಿ ಬಿಟ್ಟರು. ಅವರು ಬಿಟ್ಟದ್ದು ನೋಡಿ ಪೆದ್ದಪ್ಪ ಬಿಟ್ಟರು. ಆಮೇಲೆ ಎಲ್ಲರೂ ಬಿಟ್ಟೆವು. ಕಲ್ಯಾಣ ಮಂಟಪದ ಮುಂದೆ ಇದ್ದ ಹಾಗೆ ಏಳು ಜೊತೆ ಚಪ್ಪಲಿ ಸಾಲಾಗಿ ಬಿದ್ದವು.

ವಿಡಿಯೋ ಶುರುವಾಯಿತು. ತೋರಣ, ರಂಗೋಲಿ, ದೀಪ, ಅಕ್ಷತೆ. ಹೃದಯ. ಪಾರಿವಾಳ. ಚಕ್ರ.

ಕಾದೆವು.

"ಈಗ ಬರುತ್ತೆ," ಎಂದರು ಯಜಮಾನರು.

ಚಕ್ರ ತಿರುಗಿತು. ಗುಲಾಬಿ ಎಸಳುಗಳು ಗಾಳಿಯಲ್ಲೇ ನಿಂತಿದ್ದವು. ಪೆದ್ದಪ್ಪ ಕೈಕಟ್ಟಿಕೊಂಡು ತೆರೆಯನ್ನೇ ನೋಡುತ್ತಿದ್ದರು. ಐದು ನಿಮಿಷವಾದ ಮೇಲೆ, "ನಾವು ಕಲ್ಲಲ್ಲಿ ಮಾಡಿದ್ರೂ ಇಷ್ಟು ಹೊತ್ತು ಅಲ್ಲಾಡ್ದೆ ನಿಲ್ಲಲ್ಲ," ಎಂದರು.

ಕರೆಂಟ್ ಹೋಯಿತು.

ಕತ್ತಲಾದ ತೆರೆಯ ಮುಂದೆ ಯಜಮಾನರ ತಲೆ ಬಗ್ಗಿತ್ತು. ಗಂಗರು, ಚೋಳರು, ನೊಳಂಬರು ಎಲ್ಲರ ಸೋಲನ್ನೂ ವಿವರಿಸಬಲ್ಲ ಮನುಷ್ಯನಿಗೆ ಈ ಸೋಲನ್ನು ಹೇಗೆ ವಿವರಿಸಬೇಕೆಂದು ತಿಳಿಯಲಿಲ್ಲ. ನಾನೇ ಹೇಳಿದೆ:

"ಅರುಣ್‌ಕುಮಾರ್ ಹತ್ರ ಸಿ.ಡಿ. ಇರುತ್ತಲ್ಲ. ಕರೆಂಟ್ ಬಂದ ಮೇಲೆ ನಮ್ಮ ಮನೆ ಟಿ.ವಿ.ಯಲ್ಲೇ ಹಾಕಿ."

ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ಜನ ವಿದ್ಯಾವಂತರಿಗೆ ವಾರದಿಂದ ಹೊಳೆಯದ ಮಾತು ಅದು.

ಮಧ್ಯಾಹ್ನ ಮೂರಕ್ಕೆ ಅರುಣ್‌ಕುಮಾರ್ ಸಿ.ಡಿ. ತಂದು ಹಾಕಿದ. ನಮ್ಮ ನಡುಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಹುಳಿಯನ್ನ ತಂದವರು, ನಿಪ್ಪಟ್ಟು ತಂದವರು, ಎಲ್ಲರೂ ಇದ್ದರು. ನಲವತ್ತನೇ ಸೆಕೆಂಡು ಬಂತು. ಪಾರಿವಾಳ ಬಂತು. ಉಸಿರು ಬಿಗಿಹಿಡಿದೆವು. ಆಗ, ದೇವರ ದಯೆ, ಪಾರಿವಾಳ ರೆಕ್ಕೆ ಬಡಿದು ಹಾರಿಹೋಯಿತು! ಹೃದಯ ಒಡೆದು ಎರಡಾಗಿ, ಅದರ ಮಧ್ಯದಿಂದ ‘ಆಂಜಿನಮ್ಮ ಸ್ಮಾರಕ ಪ್ರಥಮ ದರ್ಜೆ ಕಾಲೇಜು, ಪ್ರವೇಶ ಪ್ರಾರಂಭವಾಗಿದೆ’ ಎಂಬ ಅಕ್ಷರ ಎದ್ದು ಬಂತು.

"ಓ!" ಎಂದರು ಎಲ್ಲರೂ. ಗಂಗರತ್ನಮ್ಮನ ದನಿಯಲ್ಲಿ ಸ್ವಲ್ಪ ನಿರಾಶೆಯಿತ್ತು.

ಆಮೇಲೆ ಶ್ರೀನಿವಾಸಪ್ಪ ನಾಲ್ಕು ನಿಮಿಷ ಭಾಷಣ ಮಾಡಿದರು. ಟಿ.ವಿ.ಯ ಮುಂದೆ ಕೂತಿದ್ದ ಶ್ರೀನಿವಾಸಪ್ಪ ಅದನ್ನು ಮೆಚ್ಚಿಕೊಂಡು ತಲೆಯಾಡಿಸಿದರು. "ಪರವಾಗಿಲ್ಲ ಕಣಯ್ಯಾ, ನನ್ನನ್ನ ಚೆನ್ನಾಗೇ ತೆಗ್ದಿದ್ದೀಯ," ಎಂದರು. ಅವರ ಕೋಪ ಅಲ್ಲಿಗೆ ಇಳಿಯಿತು. ಆಮೇಲೆ ಆಶಾರಾಣಿ ಬೋರ್ಡಿನ ಮುಂದೆ ಇಂಗ್ಲಿಷ್ ಪಾಠ ಹೇಳುವುದು. ಪೆದ್ದಪ್ಪ ಮುಂದಕ್ಕೆ ಬಾಗಿ, ಒಂದಕ್ಷರವೂ ಅರ್ಥವಾಗದಿದ್ದರೂ, ಮುಗಿಯುವವರೆಗೆ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಯಜಮಾನರ ತರಗತಿ. ಗಂಗರು ತಲಕಾಡಿಗೆ ಹೋಗುವ ಮೊದಲು ಕುವಲಾಲಪುರದಲ್ಲಿದ್ದರು, ಆ ಕುವಲಾಲವೇ ನಮ್ಮ ಕೋಲಾರ ಎಂದು ಹೇಳುತ್ತಿದ್ದರು. ಇದ್ದ ಮಕ್ಕಳಲ್ಲಿ ಇಬ್ಬರು ಆಕಳಿಸುತ್ತಿದ್ದರು. ಕ್ಯಾಮೆರಾ ಬೇಸರವಾಗಿಯೋ ಏನೋ ಕಿಟಕಿಯ ಕಡೆ ತಿರುಗಿತು.

ಕಿಟಕಿಯ ಹೊರಗೆ ಬುತ್ತಿ ಡಬ್ಬಿ ಹಿಡಿದುಕೊಂಡು ನಾನು ನಿಂತಿದ್ದೆ.

ಅವನು ತೆಗೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಕಂಬಿಗೆ ತಲೆಯಾನಿಸಿ ಪಾಠ ಕೇಳುತ್ತಿದ್ದೆ. ಯಜಮಾನರು ಒಂದು ಹೆಸರು ಹೇಳಿದಾಗಲೆಲ್ಲ ನನ್ನ ತುಟಿ ಅದನ್ನೇ ಹೇಳುತ್ತಿತ್ತು. ಒಂದು ನಿಮಿಷದಷ್ಟು ಉದ್ದ ಆ ದೃಶ್ಯವಿತ್ತು. ನಾನು ಹಾಗೆ ಕಾಣುತ್ತೇನೆಂದು ನನಗೆ ತಿಳಿದಿರಲಿಲ್ಲ.

"ಇದ್ಯಾಕೋ ಹಾಕಿದೆ? ಇದಕ್ಕೂ ಅಡ್ಮಿಷನ್‌ಗೂ ಏನು ಸಂಬಂಧ?" ಎಂದರು ಯಜಮಾನರು.

"ಮದುವೇಲಿ ಒಂದು ಶಾಟ್ ಹಿಂಗೇ ಹಾಕ್ತೀವಿ ಸಾರ್. ಗೊತ್ತಿಲ್ದೆ ತೆಗ್ದಿದ್ದು," ಎಂದ ಅರುಣ್‌ಕುಮಾರ್.

ಪೆದ್ದಪ್ಪ ಮಾತ್ರ, "ಅದೊಂದು ಮುಖ ಸರಿಯಾಗಿ ಬಂದಿದೆ," ಎಂದರು. ಅಷ್ಟರಲ್ಲಿ ತೆರೆಯ ಮೇಲೆ ಅರುಣ್‌ಕುಮಾರನ ಮೂರನೇ ಭಾಗ, ಊಟದ ಪಂಕ್ತಿ, ಬಂತು. ಮದುವೆ ವಿಡಿಯೋದಲ್ಲಿ ತಮ್ಮನ್ನು ಹುಡುಕುವ ಹಾಗೆ ಎಲ್ಲರೂ ಎಲೆಗಳ ಕಡೆ ನೋಡತೊಡಗಿದರು.

ಪೆದ್ದಪ್ಪ ಆ ಸಿ.ಡಿ.ಯನ್ನು ಅಂದೇ ವಕ್ಕಲೇರಿಗೆ ತೆಗೆದುಕೊಂಡು ಹೋದರು. ಅಲ್ಲಿ ಗಂಡಿನ ಕಡೆಯವರು ಎರಡು ಸಲ ಹಾಕಿ ನೋಡಿ ಮದುವೆಗೆ ಒಪ್ಪಿದರಂತೆ. ಮದುವೆಯ ವಿಡಿಯೋಕ್ಕೆ ಅರುಣ್‌ಕುಮಾರನನ್ನೇ ಗೊತ್ತುಮಾಡಿದರು. ಆಶಾರಾಣಿ ಹಾಕಿದ ಷರತ್ತು ಒಂದೇ. ಹಕ್ಕಿ ಜಾತಿಯದು ಒಂದೂ ಇರಕೂಡದು. ಇಲಾಖೆಗೂ ಒಂದು ಸಿ.ಡಿ. ಹೋಯಿತು. ಅಲ್ಲಿಂದ ಇನ್ನೂ ಉತ್ತರವಿಲ್ಲ. ಬಹುಶಃ ಅವರ ಕಂಪ್ಯೂಟರಿನಲ್ಲೂ ಅದು ಎಲ್ಲೋ ನಿಂತಿರಬೇಕು.

ಅತ್ತಿಗೆ ಚೀಲ ತೆಗೆದುಕೊಂಡು ಕೋಲಾರಕ್ಕೆ ಹೊರಟರು. ಆಟೋ ಹತ್ತುವಾಗ ನನ್ನ ಕಿವಿಯಲ್ಲಿ, "ಆದರೂ ಒಂದು ಕಣ್ಣಿಟ್ಟಿರು," ಎಂದರು.

ನಮ್ಮ ಕಾಲೇಜಿಗೆ ಊರಿನಲ್ಲಿ ‘ಮದುವೆ ಕಾಲೇಜು’ ಎಂಬ ಹೆಸರು ನಿಂತಿತು. ಹೆಸರಿನಿಂದ ಸ್ವಲ್ಪ ಉಪಯೋಗವೂ ಆಯಿತು. ಪ್ರತಿ ವರ್ಷದ ಹಾಗೆ ತಾವಾಗಿ ಬಂದವರು ಐದು ಜನ. ಶಿವಾರಪಟ್ಟಣದಿಂದ ಪೆದ್ದಪ್ಪನೇ ಮೂವರನ್ನು ಕಳಿಸಿದರು. ಯಲ್ದೂರಿನ ಇಬ್ಬರು ಹುಡುಗಿಯರ ತಂದೆ ಶ್ರೀನಿವಾಸಪ್ಪನ ಮಂಡಿಗೆ ಕಾಯಿ ಹಾಕುವವನು, ಒಪ್ಪದೆ ಎಲ್ಲಿಗೆ ಹೋದಾನು? ಇನ್ನು ನಾಲ್ವರು ಹುಡುಗರು ಹೃದಯದೊಳಗಿನ ಜೋಡಿಯನ್ನು ಕಣ್ಣಾರೆ ನೋಡಲು ಬಂದು, ಯಜಮಾನರ ಕೈಗೆ ಸಿಕ್ಕಿಬಿದ್ದು, ನಾಚಿಕೆಗೆ ಅರ್ಜಿ ತುಂಬಿದರು. ಒಟ್ಟು ಹದಿನಾಲ್ಕು.

ಹದಿನಾಲ್ಕೇ. ಯಜಮಾನರು ಅರ್ಜಿಗಳನ್ನು ಮನೆಗೆ ತಂದು ಮುಂದಿನಿಂದ ಎಣಿಸಿದರು, ಹಿಂದಿನಿಂದ ಎಣಿಸಿದರು. ಹದಿನಾಲ್ಕು. ಶ್ರೀನಿವಾಸಪ್ಪ ಒಂದಕ್ಕೆ ಬಿಡುವವರಲ್ಲ. ಮಂಡಿಯಲ್ಲಿ ಒಂದು ಕಾಯಿ ಕಡಿಮೆಯಾದರೂ ಚೀಲ ವಾಪಸು ಕಳಿಸುವವರು. ಕ್ರೇಟುಗಳು ಆಗಲೇ ಕಾಲೇಜಿನ ಕಾಂಪೌಂಡಿಗೆ ಬಂದು ಇಳಿದಿದ್ದವು.

ಮಾರನೇ ದಿನ ಕೊನೆಯ ದಿನ. ಬೆಳಿಗ್ಗೆ ತಾರಸಿಗೆ ಹೋಗಿ ಎರಡನೇ ಸಲ ಇಟ್ಟಿದ್ದ ಸಂಡಿಗೆ ಬಿಡಿಸುತ್ತಿದ್ದೆ. ಚೆನ್ನಾಗಿ ಒಣಗಿತ್ತು. ತುದಿ ಎತ್ತಿದರೆ ಟಕ್ಕನೆ ಬಿಡುತ್ತಿತ್ತು. ಕೆಳಗೆ ಯಜಮಾನರು ಮನೆಯೆಲ್ಲ ಓಡಾಡುವುದು ಕೇಳಿಸುತ್ತಿತ್ತು. ಯಲ್ದೂರು, ನಂಗಲಿ, ಆವಣಿ ಎಂದು ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದರು. ಇನ್ನೊಬ್ಬರು, ಇನ್ನೊಬ್ಬರೇ ಒಬ್ಬರು. ಪಿಯುಸಿ ಪಾಸಾಗಿರೋ ಜೀವ ಯಾವುದಾದರೂ ಸರಿ.

ಮದುವೆಗೆ ಮುಂಚೆ ಒಮ್ಮೆ ಬಿ.ಎ. ಅರ್ಜಿ ತಂದಿಟ್ಟುಕೊಂಡಿದ್ದೆ. ಅದನ್ನು ತುಂಬುವ ಮೊದಲೇ ಪಂಚೆ ಶಲ್ಯದ ಗಂಡು ಬಂದಿತ್ತು. ಆ ಅರ್ಜಿಯ ಮೇಲೆ ಅಮ್ಮ ಬಂದವರಿಗೆ ಉಪ್ಪಿಟ್ಟಿನ ಪಾತ್ರೆ ಇಟ್ಟಿದ್ದಳು.

ಗಾಳಿ ಬೀಸಿತು. ಮೂಲೆಯ ಕಟ್ಟಿನ ದಾರ ಬಿಚ್ಚಿದೆ. ಮೇಲಿನ ನಾಲ್ಕೈದು ಹಾಳೆಗಳ ಮೇಲೆ ಗಂಜಿ ಕಲೆಯಿತ್ತು. ಒಳಗಿನಿಂದ ಶುಭ್ರವಾದದ್ದೊಂದನ್ನು ಎಳೆದುಕೊಂಡೆ. ಭಾರ ಕಡಿಮೆಯಾದರೂ ಪ್ಲಾಸ್ಟಿಕ್ ಹಾಳೆ ಹಾರಲಿಲ್ಲ.

"ಮಾಧವೀ," ಕೆಳಗಿನಿಂದ ಯಜಮಾನರ ಕೂಗು. "ನನ್ನ ಚಪ್ಪಲಿ ಕಾಣ್ತಿಲ್ಲ ಕಣೇ. ನೀನು ನೋಡಿದ್ಯಾ?"

"ನಿನ್ನೆ ಮತ್ತೆ ಹೋಗಿದ್ರಲ್ಲ, ಸೈಬರ್ ಸೆಂಟರಲ್ಲಿ ನೋಡಿ."

"ಹೌದಲ್ಲ!" ಬರಿಗಾಲ ಸದ್ದು ಬೀದಿಯತ್ತ ಹೋಯಿತು. ಮತ್ತೆ ನಿಂತಿತು. "ನಾನು ಹಾಗೇ ಕಾಲೇಜಿಗೆ ಹೋಗ್ತೀನಿ. ಮಧ್ಯಾಹ್ನ ಬುತ್ತಿ ತರ್ತೀಯಾ?"

"ಬರ್ತೀನಿ," ಎಂದೆ.

ಸಂಡಿಗೆಯನ್ನು ಡಬ್ಬಿಗೆ ತುಂಬಿ ಕೆಳಗಿಳಿದು ಬಂದು ಟ್ರಂಕಿನ ತಳದಿಂದ ಅಂಕಪಟ್ಟಿ ತೆಗೆದೆ. ಅಂಚು ಹಳದಿಯಾಗಿತ್ತು, ಅಂಕಗಳು ಹಾಗೇ ಇದ್ದವು. ಅರ್ಜಿಯನ್ನು ಮಡಿಸದೆ, ಅಂಕಪಟ್ಟಿಯ ಜೊತೆ, ಬುತ್ತಿ ಚೀಲದ ತಳದಲ್ಲಿ ಅಗಲವಾಗಿ ಹಾಸಿ ಅದರ ಮೇಲೆ ಡಬ್ಬಿ ಇಟ್ಟೆ. ಆಮೇಲೆ ಡಬ್ಬಿ ಎತ್ತಿ, ಕೆಳಗೆ ಒಂದು ಬಟ್ಟೆ ಹಾಕಿ, ಮತ್ತೆ ಇಟ್ಟೆ. ಈ ಸಲ ಕಲೆಯಾಗಬಾರದು.

ಗಂಗರತ್ನಮ್ಮ ಬಾಗಿಲಲ್ಲಿ ತಲೆ ಹಾಕಿದರು. "ಎಲ್ಲಿಗಮ್ಮಾ ಹೊರಟಿದ್ದು, ಒಳ್ಳೇ ಸೀರೆ ಉಟ್ಕೊಂಡು?"

"ಬುತ್ತಿ ಕೊಟ್ಟು ಬರ್ತೀನಿ ಗಂಗರತ್ನಮ್ಮ," ಎಂದು ಹೇಳಿ, ಬಾಗಿಲು ಎಳೆದುಕೊಂಡು ಹೊರಟೆ.